ಚಂದ ಮಾಡಿಕೊಟ್ಟ ಕಾಗದ

ಹೋದ ತಿಂಗಳು ಬೈಂದೂರಿನಿಂದ ಕುಂದಾಪುರಕ್ಕೆ ಬರುತ್ತಿದ್ದ ಬಸ್ಸು ತ್ರಾಸಿಯ ಹತ್ತಿರ ಮುಕ್ಕಾಲು ಗಂಟೆ ನಿಂತುಬಿಟ್ಟಿತು. ಹೆದ್ದಾರಿ ಅಗಲ ಮಾಡುತ್ತೇವೆಂದು ಅಗೆದು ಹಾಕಿದವರಿಗೆ ನಮ್ಮ ಕಡೆ ಜೂನ್ ತಿಂಗಳಲ್ಲಿ ಮಳೆ ಬರುತ್ತದೆ ಎಂಬ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲವೋ ಏನೋ. ನನ್ನ ಕಿಟಕಿಗೆ ಒತ್ತಿಕೊಂಡು ಒಂದು ಲಾರಿ ನಿಂತಿತ್ತು. ಅದರ ತುಂಬ ಘಟ್ಟದ ಮೇಲಿನ ಕುರಿಗಳು, ಒಂದರ ಮೈಮೇಲೆ ಇನ್ನೊಂದರ ತಲೆ, ಎಲ್ಲವೂ ತೊಯ್ದು ತೊಪ್ಪೆ. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಇಶ್ಶೀ, ಎಂತ ಗಬ್ಬ್ ಮಾರಾಯ್ತಿ!" ಅಂದಳು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಒದ್ದೆ ಉಣ್ಣೆಯ ಆ ವಾಸನೆ ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಅದು ಒಂದು ಮಫ್ಲರಿನಿಂದ ಬಂದಿತ್ತು, ಮತ್ತು ನಾನು ಆವತ್ತು ಮೂಗು ಮುಚ್ಚಿಕೊಂಡಿದ್ದೆ.

ಎರಡು ಸಾವಿರದ ನಾಲ್ಕನೇ ಇಸವಿ. ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ, ಎಲ್ಲಾದರೂ ಉಪನ್ಯಾಸಕಿಯ ಕೆಲಸ ಸಿಕ್ಕೀತೆಂದು ಕಾಯುತ್ತ, ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರದ ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿ ಕೂರುತ್ತಿದ್ದೆ. ಮರದ ಮೆಟ್ಟಿಲು ಹತ್ತಿ ಹೋದರೆ ಒಂದೇ ಕೋಣೆ, ಒಂದು ಕಂಪ್ಯೂಟರ್, ಹಲ್ಲು ಕಡಿಯುವ ಹಾಗೆ ಸದ್ದು ಮಾಡುವ ಒಂದು ಪ್ರಿಂಟರ್. ಬಯೋಡಾಟ, ಪಂಚಾಯಿತಿಗೆ ಅರ್ಜಿ, ಬೊಂಬಾಯಿಯ ಸೊಸೈಟಿಗೆ ದೂರು, ದುಬೈಯ ಕಂಪನಿಗೆ ರಜೆಚೀಟಿ ಎಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಟೈಪು ಮಾಡುವವರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ಇಂಗ್ಲಿಷನ್ನು 'ಚಂದ ಮಾಡಿಕೊಡುವವಳು' ನಾನೊಬ್ಬಳೇ ಎಂದು ಹೆಸರಾಗಿತ್ತು. ಆ ಹೆಸರಿನಿಂದ ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದು ಕೇಳಿದ ಕೂಡಲೇ ಪೆನ್ನು ತೆಗೆದು ಕನ್ನಡಕ ಸರಿಮಾಡಿಕೊಂಡು ಕೂರುತ್ತಿದ್ದೆ. ಕಣ್ಣು ಸರಿಯಾಗಿಯೇ ಇತ್ತು, ಕನ್ನಡಕ ಬೇಕಿರಲಿಲ್ಲ ಎಂಬುದನ್ನು ಈಗ ಹೇಳಿಬಿಡುತ್ತೇನೆ.

ಆಷಾಢದ ಒಂದು ಬೆಳಿಗ್ಗೆ ಬಾಗಿಲಲ್ಲಿ ದನಿ ಕೇಳಿತು. "ಹ್ವಾಯ್, ಮಾಷ್ಟ್ರ ಮಗ್ಳ್ ಇಲ್ಲೇ ಅಲ್ದಾ ಕೂಕಂಬುದ್?"

ಶೀನಣ್ಣ. ನಮ್ಮೂರು ಉಪ್ಪುಂದದವನು, ಮೀನುಗಾರರ ಮನೆಯವನು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. ನನ್ನ ಅಪ್ಪಯ್ಯ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಶೀನಣ್ಣ ಅವರ ವಿದ್ಯಾರ್ಥಿ. ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದು ಶಾಲೆ ಬಿಟ್ಟವನು. ಆಮೇಲೆ ಗಲ್ಫಿಗೆ ಹೋಗಿ ಒಂಬತ್ತು ವರ್ಷ ಇದ್ದ. ಅಲ್ಲಿ ಯಾವುದೋ ಕಂಪನಿಯಲ್ಲಿ ಡ್ರೈವರ್ ಎಂದು ಊರಿಗೆ ಊರೇ ತಿಳಿದಿತ್ತು. ಆ ಬೇಸಿಗೆಯಲ್ಲಷ್ಟೇ ವಾಪಸು ಬಂದಿದ್ದ. ಅವನ ಮನೆಯ ಮುಂದೆ ಹಾದು ಹೋದರೆ ಹೆಂಡತಿ ಜಲಜಕ್ಕ ಬಿಡುತ್ತಿರಲಿಲ್ಲ. "ಆಸ್ರಿ ಕುಡ್ಕಂಡ್ ಹೋಗ್ ಹೆಣೆ" ಎಂದು ಕೈ ಹಿಡಿದು ಒಳಗೆ ಕರೆದು, ಬೆಲ್ಲ ನೀರು ಕೊಟ್ಟು, ನಂತರವೇ ಮಾತು.

"ಬನ್ನಿ ಶೀನಣ್ಣ, ಕೂಕಣಿ" ಅಂದೆ. ಕುತ್ತಿಗೆಗೆ ಸುತ್ತಿದ್ದ ಉಣ್ಣೆಯ ಮಫ್ಲರನ್ನು ಬಿಚ್ಚಿ ಹಿಂಡಿ ಕುರ್ಚಿಯ ಬೆನ್ನಿಗೆ ಹಾಕಿದ. ಮಳೆಗಾಲದಲ್ಲಿ ನಮ್ಮ ಕಡೆ ಯಾರೂ ಉಣ್ಣೆ ಸುತ್ತಿಕೊಳ್ಳುವುದಿಲ್ಲ. ಆ ಸಣ್ಣ ಕೋಣೆಯೊಳಗೆ ಎಂಥದೋ ಒಂದು ವಾಸನೆ ತುಂಬಿಕೊಂಡಿತು. ನಾನು ಕೆಮ್ಮು ಬಂದವಳ ಹಾಗೆ ಕರ್ಚೀಪನ್ನು ಮೂಗಿಗೆ ಹಿಡಿದೆ.

ಪ್ಲಾಸ್ಟಿಕ್ ಕವರಿನಿಂದ ಅವನು ಎರಡು ಕಾಗದ ತೆಗೆದ. ಒಂದು, ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಜಾಹೀರಾತು. ಘಟ್ಟದ ಮೇಲೆ, ಶಿರಾದ ಕಡೆ, ಹೊರದೇಶದ ತಳಿಯ ಕುರಿಗಳನ್ನು ಸಾಕುವ ಒಂದು ದೊಡ್ಡ ಫಾರ್ಮ್ ಹೊಸದಾಗಿ ಶುರುವಾಗಿತ್ತು. ಅಂಥ ಕುರಿಗಳ ಜೊತೆ ಕೆಲಸ ಮಾಡಿದವರು ಬೇಕು, ಸಂಸಾರಕ್ಕೆ ಮನೆ ಕೊಡುತ್ತೇವೆ, ಮಕ್ಕಳಿಗೆ ಹತ್ತಿರದಲ್ಲೇ ಶಾಲೆ ಇದೆ. ನೀವು ಮಾಡಿದ ಕೆಲಸವನ್ನು ನಿಮ್ಮದೇ ಮಾತಿನಲ್ಲಿ ಒಂದು ಪುಟ ಬರೆದು ಕಳಿಸಿ ಎಂದಿತ್ತು. ಇನ್ನೊಂದು, ಮಗಳ ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ. ಅದರಲ್ಲಿ ಅವನದೇ ಇಂಗ್ಲಿಷ್.

"ಇದ್ನ ಒಂಚೂರ್ ಚಂದ ಮಾಡಿ ಕೊಡ್ಕ್ ತಂಗಿ" ಅಂದವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಊರಗ್ ಯಾರಿಗೂ ಹೇಳುಕಾಗ ಕಾಣ್. ನಾನ್ ಅಲ್ಲಿ ಡ್ರೈವರ್ ಅಲ್ಲ. ಕುರಿ ಕಾಯ್ತಿದ್ದೆ. ಒಂಬತ್ತ್ ವರ್ಷ."

ಅವನೇ ನಕ್ಕ. "ಮಾಷ್ಟ್ರ್ ಬಾಯಗ್ ಬಂದದ್ದ್ ಖರೆ ಆಯ್ತ್, ಅಲ್ದಾ?"

ಆ ಮಾತು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಅಪ್ಪಯ್ಯನ ಕ್ಲಾಸಿನಲ್ಲಿ ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಸ್ಪೆಲಿಂಗ್ ತಪ್ಪಿದವನ ಕಿವಿ ಹಿಂಡಿ, "ಕುರಿ ಕಾಯುಕೆ ಹೋಗ್, ಅದ್ಕೇ ಲಾಯ್ಕ್ ನೀನ್" ಎನ್ನುತ್ತಿದ್ದರು. ಕುರಿಯ ಮುಖವನ್ನೇ ಸರಿಯಾಗಿ ನೋಡದ ಕಡಲ ಕರೆಯ ಮಕ್ಕಳಿಗೆ! ಕ್ಲಾಸು ಇಡೀ ನಗುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಅವರು ಅದನ್ನು ನಟಿಸಿ ತೋರಿಸಿದರೆ ನಾನೂ ನಗುತ್ತಿದ್ದೆ. ಈಗ ಶೀನಣ್ಣ ನನ್ನೆದುರು ಕೂತು ನಗುವಾಗ ನನ್ನ ಮುಖ ಬಿಸಿಯಾಯಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಟೈಪು ಮಾಡುವ ಹಾಗಿಲ್ಲ, ಹೊರಗೆ ಹೋಗುವ ಹಾಗೂ ಇಲ್ಲ, ಅಂಥ ಮಳೆ. ಅವನು ತನ್ನ ಕೆಲಸದ ಬಗ್ಗೆ ಹೇಳತೊಡಗಿದ. ಒಂಬತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನಲ್ಲ, ಕಟ್ಟೆ ಒಡೆದ ಹಾಗೆ ಬಂತು.

"ಮರಿ ಹಾಕು ಹೊತ್ತಿಗೆ ಕೆಲವ್ ಸಲ ಮರಿ ಕಾಲ್ ಹಿಂದೆ ಮಡ್ಸ್ಕಂಡಿರತ್ತ್. ಆಗಳ್ ಎಳುಕಾಗ. ಎಳ್ದ್ರೆ ತಾಯಿಯೂ ಇಲ್ಲೆ, ಮರಿಯೂ ಇಲ್ಲೆ. ಕೈಗೆ ಎಣ್ಣಿ ಹಚ್ಕಂಡ್ ಮೆಲ್ಲ ಒಳ್ಗ್ ಹೋಯ್ಕ್. ಬೆರ್ಳಿಗೇ ಕಣ್ಣ್ ಬರ್ಕ್ ಕಾಣ್."

ಹೇಳಿದ್ದು ಸಾಲದೆಂದು ನನ್ನ ರೆಕ್ಸಿನ್ ಚೀಲವನ್ನು ಎಳೆದುಕೊಂಡ. ಅದರಲ್ಲಿ ನನ್ನ ಮಡಿಸುವ ಕೊಡೆ, ಬುತ್ತಿ, ಒಂದು ದಪ್ಪ ನಿಘಂಟು ಇದ್ದವು. ಕಣ್ಣು ಮುಚ್ಚಿ, ಕೈಯನ್ನು ಮೊಣಕೈವರೆಗೆ ಒಳಗೆ ಬಿಟ್ಟು, "ಇದ್ ತಲಿ... ಇದ್ ಹೆಗ್ಲ್... ಕಾಲ್ ಇಲ್ಲಿತ್ತ್" ಎನ್ನುತ್ತ, ಏನನ್ನೂ ಅಲ್ಲಾಡಿಸದೆ, ಕೊಡೆಯನ್ನು ಅದರ ಹಿಡಿಕೆಯಿಂದ ಮೆಲ್ಲಗೆ ಹೊರಗೆ ತಿರುಗಿಸಿ ತಂದ. ಬುತ್ತಿಯ ಮುಚ್ಚಳ ಕದಲಿರಲಿಲ್ಲ. ನನಗೆ ನಗು ಬಂತು, ಅವನಿಗೂ ಬಂತು.

"ಇದ್ನ ಯಾರ್ ಕಲ್ಸಿದ್ರ್ ಶೀನಣ್ಣ?"

"ಕಲ್ಸುದೆಂತ. ನೀರಡಿಗ್ ಬಲಿ ಸಿಕ್ಕ್ ಹಾಕ್ಕಂಡ್ರೆ ನಾವ್ ಕಂಡ್ಕಂಡ್ ಬಿಡ್ಸುದಾ? ಕೈಯೇ ಕಾಂತ್. ಇದೂ ಹಾಂಗೇ. ಅಲ್ಲಿ ಬೇರೆಯವ್ರಿಗ್ ಆತಿರ್ಲಿಲ್ಲೆ, ನನ್ನೇ ಕರಿತಿದ್ದಿರ್." ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಒಂಬತ್ತು ವರ್ಷದಲ್ಲಿ ಅವನು ಆ ಹೆಮ್ಮೆಯನ್ನು ತೋರಿಸಿದ ಮೊದಲ ವ್ಯಕ್ತಿ ಬಹುಶಃ ನಾನೇ.

ಮತ್ತೂ ಹೇಳಿದ. ತಾಯಿ ಸತ್ತ ಮರಿಯನ್ನು ಮರಿ ಸತ್ತ ತಾಯಿಯ ಹತ್ತಿರ ಸುಮ್ಮನೆ ಬಿಟ್ಟರೆ ಅದು ಗುದ್ದಿ ಓಡಿಸುತ್ತದಂತೆ. ಸತ್ತ ಮರಿಯ ಚರ್ಮ ಬಿಡಿಸಿ ಈ ಮರಿಗೆ ಅಂಗಿಯ ಹಾಗೆ ತೊಡಿಸಬೇಕು. ಎರಡು ದಿನದಲ್ಲಿ ಆ ತಾಯಿ ವಾಸನೆ ನೋಡಿ ನೋಡಿ, ತನ್ನದೇ ಎಂದುಕೊಂಡು ಹಾಲು ಬಿಡುತ್ತದೆ. "ಶ್ವೇತ ಹುಟ್ಟಿ ಆರ್ ತಿಂಗ್ಳಿಗ್ ನಾ ಹೋದದ್ದ್" ಎಂದ, ಮಾತು ಎಲ್ಲಿಂದಲೋ ಎಲ್ಲಿಗೋ ತಿರುಗಿತು. "ಒಂಬತ್ತ್ ವರ್ಷದಗ್ ಮೂರ್ ಸಲ ಬಂದೆ. ಈಗಳೂ ನನ್ನ್ ಕಂಡ್ರೆ ಅಬ್ಬೆ ಹಿಂದ್ ಹೋಯ್ ನಿಲ್ತ್. ಈ ಕೆಲ್ಸ ಆದ್ರೆ ಮೂರೂ ಜನ ಒಂದೇ ಮನಿಯಗ್ ಇಪ್ಪುಕಾತ್ತ್. ಆಗ್ದಿದ್ರೆ ನಾ ಮತ್ತೆ ಅಲ್ಲಿಗೇ ಹೋಯ್ಕ್. ದೋಣಿಯಗ್ ತಮ್ಮಂದಿರೇ ನಾಲ್ಕ್ ಜನ, ನಂಗ್ ಜಾಗ ಇಲ್ಲೆ."

ಅವನು ಹೋದ ಮೇಲೆ ಗೆರೆ ಹಾಳೆಯನ್ನು ಓದಿದೆ. ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು: 'ಕುರಿ ಕೂಗುತ್ತದೆ. ನಾನು ಹೋಗುತ್ತೇನೆ. ಕಾಲು ಹಿಂದೆ ಇದೆ. ಕೈಗೆ ಎಣ್ಣೆ. ಕೈ ಒಳಗೆ. ಬೇಗ ಇಲ್ಲ. ಕಾಲು ಹುಡುಕುತ್ತೇನೆ. ತಿರುಗಿಸುತ್ತೇನೆ. ಮರಿ ಬರುತ್ತದೆ. ಮೂಗು ಒರೆಸುತ್ತೇನೆ. ತಾಯಿಗೆ ಕೊಡುತ್ತೇನೆ.' ಒಂದು ಪುಟವಿಡೀ ಇಂಥವೇ. ವ್ಯಾಕರಣ ಎಂಬುದು ಅದರ ಹತ್ತಿರ ಸುಳಿದಿರಲಿಲ್ಲ. ನನ್ನ ಅಪ್ಪಯ್ಯನ ಕೆಂಪು ಪೆನ್ನಿಗೆ ಒಂದು ಹಬ್ಬವಾಗುತ್ತಿತ್ತು.

ನಾನು ಎರಡು ದಿನ ಕೂತು ಅದನ್ನು ಚಂದ ಮಾಡಿದೆ. ಕುರಿ ಎಂಬ ಶಬ್ದವೇ ಬಾರದ ಹಾಗೆ ನೋಡಿಕೊಂಡೆ; ಅದು ಪಶುಸಂಪತ್ತು ಆಯಿತು. ಕಾಯುವುದು ಸಮಗ್ರ ಮೇಲ್ವಿಚಾರಣೆಯಾಯಿತು. ಎಣ್ಣೆ ಹಚ್ಚಿದ ಕೈ, ಮಡಿಸಿದ ಕಾಲು, ಒರೆಸಿದ ಮೂಗು, ಚರ್ಮದ ಅಂಗಿ ಇವೆಲ್ಲ ಸೇರಿ 'ಸಂತಾನಾಭಿವೃದ್ಧಿ ಚಟುವಟಿಕೆಗಳ ಯಶಸ್ವಿ ಸಮನ್ವಯ' ಎಂಬ ಒಂದು ಸಾಲಾದವು. ಒಂದೊಂದು ವಾಕ್ಯಕ್ಕೂ ಮೂರು ಸಲ ನಿಘಂಟು ತೆರೆದೆ. ಅಪ್ಪಯ್ಯನ ಮಾತನ್ನು ಅವನ ಮೈಮೇಲಿಂದ ಒರೆಸಿ ಹಾಕುತ್ತಿದ್ದೇನೆ, ಉಪಕಾರ ಮಾಡುತ್ತಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆ ಕೆಲಸ ಅಸಹ್ಯವಾಗಿತ್ತು, ಮತ್ತು ನನ್ನ ಇಂಗ್ಲಿಷ್ ಎಷ್ಟು ದೊಡ್ಡದೆಂದು ಶಿರಾದ ಆ ಸಾಹೇಬನಿಗೆ ತೋರಿಸಬೇಕಿತ್ತು.

ಶೀನಣ್ಣ ಬಂದಾಗ ಓದಿ ಕೇಳಿಸಿದೆ. ಕೈ ಕಟ್ಟಿ ನಿಂತು ಕೇಳಿದ, ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ.

"ಬಾರೀ ಲಾಯ್ಕಿತ್ತ್ ತಂಗಿ. ಆ ಕೈ ಹಾಕುದ್ ಎಲ್ಲಿತ್ತ್ ಇದ್ರಗೆ?"

"ಅದನ್ನೆಲ್ಲ ಬರೀಬಾರ್ದು ಶೀನಣ್ಣ. ದೊಡ್ಡ ಕಂಪನಿಯವ್ರು, ಓದಿದ್ರೆ ಹೇಸಿಗೆ ಪಟ್ಕೊಳ್ತಾರೆ." ಅವನ ಹತ್ತಿರ ಮಾತಾಡುವಾಗಲೂ ನಾನು ಪುಸ್ತಕದ ಕನ್ನಡಕ್ಕೆ ಜಿಗಿಯುತ್ತಿದ್ದ ಕಾಲ ಅದು.

"ಹೌದಾ" ಎಂದ. ಮೇಜಿನ ಮೇಲಿದ್ದ ತನ್ನ ಗೆರೆ ಹಾಳೆಯನ್ನು ಮುಟ್ಟಿ, "ಹಾಂಗಾರೆ ನಾ ಬರ್ದದ್ದನ್ನೂ ಒಟ್ಟಿಗ್ ಇಟ್ರೆ ಆತಿಲ್ಯಾ? ಹಿಂದೆ ಪಿನ್ ಹೊಡ್ದ್?" ಎಂದು ಕೇಳಿದ.

"ಛೆ ಛೆ, ಅದನ್ನಿಟ್ರೆ ಇದರ ಮರ್ಯಾದೆ ಹೋಗ್ತದೆ" ಅಂದೆ. ಹೀಗೇ ಅಂದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನೀ ಓದಿದವ್ಳ್, ನಿಂಗ್ ಗೊತ್ತ್" ಅಂದ. ಗೆರೆ ಹಾಳೆಯನ್ನು ನಾನು ಮೇಜಿನ ಡ್ರಾಯರಿಗೆ ಹಾಕಿದೆ. ಉತ್ತರ ಊರಿನ ವಿಳಾಸಕ್ಕೆ ಬಂದರೆ ಪೋಸ್ಟಿನವನು ನಾಲ್ಕು ಜನಕ್ಕೆ ಹೇಳುತ್ತಾನೆಂದು ಹೆದರಿ ಅಂಗಡಿಯ ವಿಳಾಸ ಕೊಟ್ಟ. ಚಂದದ ಪುಟದ ಒಂದು ಪ್ರತಿಯನ್ನು ತನಗೂ ಕೇಳಿ ತೆಗೆದುಕೊಂಡು ಹೋದ.

ಆಮೇಲಿನ ಒಂದು ತಿಂಗಳು ಮಳೆ ಬಿಡಲೇ ಇಲ್ಲ. ವಾರಕ್ಕೆರಡು ಸಲ ಶೀನಣ್ಣ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ಹುಬ್ಬು ಏರಿಸುತ್ತಿದ್ದ. ನಾನು ತಲೆ ಅಲ್ಲಾಡಿಸುತ್ತಿದ್ದೆ. ಒಮ್ಮೆ ಜಲಜಕ್ಕ ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದರು. ಜೊತೆಗೆ ಶ್ವೇತ ಇದ್ದಳು. "ಅಲ್ಲಿ ಕಡ್ಲ್ ಇತ್ತಾ ಅಕ್ಕ?" ಎಂದು ಕೇಳಿದಳು. ಇಲ್ಲ ಅಂದೆ. "ಅಡ್ಡಿಲ್ಲೆ, ಅಪ್ಪಯ್ಯ ಇರ್ತ್ರ್ ಅಲ್ದಾ" ಅಂದಳು.

ಉತ್ತರ ಬಂದದ್ದು ಚೌತಿಗೆ ಇನ್ನೂ ಒಂದು ತಿಂಗಳು ಇರುವಾಗ. ಫಾರ್ಮಿನ ಮ್ಯಾನೇಜರು, ಹೊರದೇಶದವನಿರಬೇಕು, ತನ್ನ ಕೈಯಿಂದಲೇ ಬರೆದಿದ್ದ. ಚಿಕ್ಕ ಕಾಗದ, ಎಳೆಯ ಮಗುವಿಗೂ ಅರ್ಥವಾಗುವ ಇಂಗ್ಲಿಷ್. ಇಂಗ್ಲಿಷ್ ಗೊತ್ತಿದ್ದವರು ಹೇಗೆ ಬರೆಯುತ್ತಾರೆಂದು ಅವತ್ತು ಗೊತ್ತಾಯಿತು. 'ನಿಮ್ಮ ಪುಟ ಓದಿದೆ. ಮೇಲ್ವಿಚಾರಣೆಗೆ ನಮ್ಮಲ್ಲಿ ಸಾಕಷ್ಟು ಜನರಿದ್ದಾರೆ. ನಮಗೆ ಬೇಕಾದದ್ದು ಮರಿ ಹಾಕುವಾಗ ಕುರಿಯ ಪಕ್ಕ ಮಂಡಿಯೂರಿ ಕೂರುವವನು, ತನ್ನ ಕೈಯಿಂದ ಮರಿಯನ್ನು ತಿರುಗಿಸಿ ತೆಗೆಯಬಲ್ಲವನು. ನಿಮ್ಮ ಬರಹದಲ್ಲಿ ಆ ಬಗ್ಗೆ ಏನೂ ಕಾಣಲಿಲ್ಲ. ಅಂಥ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ.'

ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅದರೊಳಗೆ ಆ ಗೆರೆ ಹಾಳೆ ಇತ್ತು. ಅದನ್ನು ಒಂದು ಲಕೋಟೆಗೆ ಹಾಕಿ, ಎದುರಿನ ಅಂಚೆ ಡಬ್ಬಿಗೆ ಹಾಕಿದ್ದರೆ ಮುಗಿಯುತ್ತಿತ್ತು. ತಿಂಗಳು ಮುಗಿಯುವುದಕ್ಕೆ ಇನ್ನೂ ದಿನಗಳಿದ್ದವು. ಆದರೆ ಹಾಗೆ ಮಾಡಬೇಕಾದರೆ ಶೀನಣ್ಣನಿಗೆ ಹೇಳಬೇಕು: ನೀನು ಬರೆದದ್ದೇ ಸರಿಯಿತ್ತು, ನಾನು ಹಾಳು ಮಾಡಿದೆ ಎಂದು. ಮೇಷ್ಟ್ರ ಮಗಳು ಚಂದ ಮಾಡಿದ್ದಕ್ಕೆ ಕೆಲಸ ತಪ್ಪಿತಂತೆ ಎಂದು ಉಪ್ಪುಂದದಿಂದ ಕುಂದಾಪುರದವರೆಗೆ ಆಡಿಕೊಳ್ಳುತ್ತಾರೆ. ತಪ್ಪು ಎಲ್ಲರೂ ಮಾಡುತ್ತಾರೆ, ಅದಕ್ಕೆ ನನಗೆ ಇಷ್ಟು ನಾಚಿಕೆಯಿಲ್ಲ. ನಾಚಿಕೆ ಇರುವುದು ಆ ಹತ್ತು ದಿನಗಳಿಗೆ. ಹತ್ತು ದಿನವೂ ಬೆಳಿಗ್ಗೆ ಆ ಡ್ರಾಯರು ತೆರೆದೆ, ಮುಚ್ಚಿದೆ. ಶೀನಣ್ಣ ಬಂದು ಹುಬ್ಬು ಏರಿಸಿದಾಗ ಎರಡು ಸಲ "ಇನ್ನೂ ಬರ್ಲಿಲ್ಲೆ" ಅಂದೆ. ತಿಂಗಳು ಮುಗಿದ ಮೇಲೆ, "ಜಾಗ ಭರ್ತಿ ಆಯ್ತಂಬ್ರ್ ಶೀನಣ್ಣ" ಅಂದೆ.

ಅವನು ಮಫ್ಲರನ್ನು ಸುತ್ತಿಕೊಂಡ. ನನ್ನ ಮುಖ ನೋಡಿ ಏನಂದುಕೊಂಡನೋ, ನನಗೇ ಸಮಾಧಾನ ಹೇಳಿದ. "ನೀ ಎಂತಕ್ಕೆ ಬೇಜಾರ್ ಮಾಡ್ಕಂತೆ. ನೀ ಮಾಡುದ್ ಮಾಡಿದ್ದೆ. ನನ್ನ್ ಹಣಿಬರ ಅದ್."

ಚೌತಿ ಮುಗಿಸಿ ಅವನು ಗಲ್ಫಿಗೆ ಹೋದ. ನನಗೆ ಮರುವರ್ಷ ಬ್ರಹ್ಮಾವರದ ಕಡೆ ಕಾಲೇಜಿನಲ್ಲಿ ಕೆಲಸವಾಯಿತು. ಡ್ರಾಯರು ಖಾಲಿ ಮಾಡುವಾಗ ಆ ಎರಡು ಕಾಗದಗಳನ್ನು ಹರಿಯಲು ಕೈ ಬರಲಿಲ್ಲ, ಸರ್ಟಿಫಿಕೇಟುಗಳ ಫೈಲಿನ ತಳಕ್ಕೆ ಹಾಕಿದೆ. ಶ್ವೇತ ಹೈಸ್ಕೂಲು ಮುಗಿಸಿದ್ದು, ಕಾಲೇಜು ಸೇರಿದ್ದು ಎಲ್ಲ ಅವನು ಫೋನಿನಲ್ಲೇ ಕೇಳಿದ. ಅವಳ ಮದುವೆಗೆ ಹದಿನೈದು ದಿನದ ರಜೆಯಲ್ಲಿ ಬಂದು ಹೋದ. ಅವಳು ಗಂಡನ ಜೊತೆ ಹೊನ್ನಾವರಕ್ಕೆ ಹೋದ ಮೇಲೆ, ಮನೆ ಖಾಲಿಯಾದ ಮೇಲೆ, ಪೂರ್ತಿಯಾಗಿ ಊರಿಗೆ ಬಂದ. ಇದೆಲ್ಲ ನನಗೆ ಅಮ್ಮನ ಬಾಯಿಂದ ತಿಳಿಯುತ್ತಿತ್ತು. ಊರಿಗೆ ಹೋದಾಗ ನಾನು ಅವನ ಮನೆಯ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಿದ್ದೆ.

ತ್ರಾಸಿಯಲ್ಲಿ ಆ ಲಾರಿ ನೋಡಿದ ಮರುವಾರ, ಭಾನುವಾರ, ಫೈಲಿನಿಂದ ಕಾಗದಗಳನ್ನು ತೆಗೆದುಕೊಂಡು ಉಪ್ಪುಂದಕ್ಕೆ ಹೋದೆ. ಈ ಸಲ ದಾರಿ ತಪ್ಪಿಸಲಿಲ್ಲ. ಶೀನಣ್ಣ ಜಗಲಿಯಲ್ಲಿ ತಮ್ಮಂದಿರ ಬಲೆಗೆ ಹೊಲಿಗೆ ಹಾಕುತ್ತ ಕೂತಿದ್ದ. ಕೂದಲು ಪೂರ್ತಿ ಬಿಳಿ. ನನ್ನನ್ನು ಕಂಡು ಎಷ್ಟು ಸಂತೋಷಪಟ್ಟನೆಂದರೆ, ನಾನು ಅಲ್ಲಿಂದಲೇ ಓಡಿಹೋಗಬೇಕೆನಿಸಿತು. "ಜಲಜಾ, ಯಾರ್ ಬಂದಿರ್ ಕಾಣ್! ಆಸ್ರಿ ತಾ!" ಎಂದು ಕೂಗಿ, ಒಳಗೆ ಹೋಗಿ ಏನನ್ನೋ ತಂದ. ನಾನು ಚಂದ ಮಾಡಿದ ಪುಟ. ಲ್ಯಾಮಿನೇಷನ್ ಮಾಡಿಸಿದ್ದ.

"ಅಲ್ಲಿಯೂ ಗ್ವಾಡಿಗ್ ಅಂಟ್ಸ್ಕಂಡಿದ್ದೆ. ನಮ್ಮೂರ್ ಹೆಣ್ಣ್ ಬರ್ದದ್ದ್ ಅಂದೇಳಿ ಎಲ್ಲರಿಗೂ ತೋರ್ಸ್ತಿದ್ದೆ."

ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಜಾಗ ಭರ್ತಿಯಾಗಿರಲಿಲ್ಲ ಎಂದೆ. ಹತ್ತು ದಿನದ ಸಂಗತಿಯನ್ನೂ ಬಿಡಲಿಲ್ಲ. ಮ್ಯಾನೇಜರಿನ ಕಾಗದವನ್ನು ತೆಗೆದು ಒಂದೊಂದೇ ಸಾಲು ಕನ್ನಡದಲ್ಲಿ ಓದಿದೆ. ಅಂಥ ಯಾರಾದರೂ ಗೊತ್ತಿದ್ದರೆ ತಿಳಿಸಿ ಎಂಬಲ್ಲಿಗೆ ಬಂದಾಗ ತಲೆ ಎತ್ತಿದೆ. ಬಾಗಿಲಲ್ಲಿ ಜಲಜಕ್ಕ ಬೆಲ್ಲ ನೀರಿನ ತಟ್ಟೆ ಹಿಡಿದು ನಿಂತಿದ್ದರು. ಯಾವಾಗ ಬಂದಿದ್ದರೋ ಗೊತ್ತಿಲ್ಲ.

ಶೀನಣ್ಣ ಬಲೆಯನ್ನು ತೊಡೆಯ ಮೇಲಿಂದ ಬದಿಗಿಟ್ಟ. "ಗೊತ್ತಿತ್ತ್ ಅಂದೇಳಿ ಒಂದ್ ಗೆರೆ ಬರೀಲಕ್ಕಿತ್ತಲೆ ತಂಗಿ" ಅಂದ.

ಬೈದಿದ್ದರೆ ಸಹಿಸಬಹುದಿತ್ತು. ನಾನು ಅತ್ತೆ. ಅವನು ಅಳಬೇಡ ಎಂದೂ ಹೇಳಲಿಲ್ಲ. ಗೆರೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ದೂರ ಹಿಡಿದು, ಬೆರಳಿಟ್ಟು ಒಂದೊಂದೇ ಶಬ್ದವನ್ನು ಕೂಡಿಸಿ ಕೊನೆಯವರೆಗೆ ಓದಿದ. "ಸಮಾ ಬರ್ದಿದ್ದೆ ಅಲ್ದಾ ನಾನ್" ಎಂದ, ನನಗಲ್ಲ, ಜಲಜಕ್ಕನಿಗೆ. ಜಲಜಕ್ಕ ತಟ್ಟೆಯನ್ನು ಹಿಡಿದುಕೊಂಡೇ ಒಳಗೆ ಹೋದರು. ತಿರುಗಿ ಬರಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ. ಎದ್ದು ಮೆಟ್ಟಿಲಿಳಿದಾಗ ಶೀನಣ್ಣ ಹಿಂದಿನಿಂದ ಕರೆದ. ಗೆರೆ ಹಾಳೆಯನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡಿದ್ದ. ಲ್ಯಾಮಿನೇಷನ್ ಮಾಡಿದ ಪುಟವನ್ನು ನನ್ನ ಕೈಗೆ ಕೊಟ್ಟ.

"ಇದ್ ನೀ ತಕಂಡ್ ಹೋಗ್. ನಿಂದೇ ಅಲ್ದಾ."

ಮಳೆ ಶುರುವಾಗಿತ್ತು. ಆ ಮನೆಯಿಂದ ಆಸರಿ ಕುಡಿಯದೆ ಹೊರಟದ್ದು ಅದೇ ಮೊದಲು. ಬಸ್ಸಿನವರೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು ನಡೆದೆ, ಒಂದು ಹನಿಯೂ ಅದರೊಳಗೆ ಇಳಿಯಲಿಲ್ಲ.